ಕಪ್ಪಗಿರುವುದೆಲ್ಲ ನೀರಲ್ಲ

2019ರ ಆಗಸ್ಟ್ ಮೊದಲಾರ್ಧದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಂದೇ ಸಲಕ್ಕೆ ಉಕ್ಕಿ ಹರಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತಿತು. ಗೋಕಾಕ, ರಾಮದುರ್ಗದ ಓಣಿಗಳಿಗೆ ಹೊಳೆಯೇ ಬಂತು. ಎಷ್ಟು ಊರು, ಎಷ್ಟು ಹೊಲ ಮುಳುಗಿವೆ ಎಂದು ಮೇಲಿನಿಂದ ನೋಡೋಣವೆಂದರೆ ಕ್ಯಾಮೆರಾ ಹೊತ್ತ ಉಪಗ್ರಹಗಳಿಗೆ ಇಂಥ ದಿನಗಳಲ್ಲಿ ಕಾಣುವುದು ಮೋಡದ ಬೆನ್ನು. ನೆರೆ ಬರುವುದೇ ಮೋಡ ಕವಿದಾಗ. ಬಿಸಿಲು ಬಿದ್ದು ಫೋಟೊ ಸಿಗುವ ಹೊತ್ತಿಗೆ ನೀರು ಇಳಿದು, ಹೊಲದಲ್ಲಿ ಕೆಸರು ಮಾತ್ರ ಉಳಿದಿರುತ್ತದೆ.

ರಾಡಾರ್ ಉಪಗ್ರಹ ಒದಗುವುದು ಇಲ್ಲಿ. ಅದು ಸೂರ್ಯನ ಬೆಳಕಿಗೆ ಕಾಯುವುದಿಲ್ಲ. ತಾನೇ ಮೈಕ್ರೋವೇವ್ ತರಂಗಗಳನ್ನು ನೆಲಕ್ಕೆ ಕಳಿಸಿ, ಅವುಗಳಲ್ಲಿ ಎಷ್ಟು ತಿರುಗಿ ಬಂತೆಂದು ಅಳೆಯುತ್ತದೆ. ಮೋಡಕ್ಕೂ ಕತ್ತಲಿಗೂ ಅದು ಜಗ್ಗುವುದಿಲ್ಲ. ಯುರೋಪಿನ ಸೆಂಟಿನೆಲ್-1ಎ ಉಪಗ್ರಹ 2014ರ ಏಪ್ರಿಲ್ 3ರಂದು ಕಕ್ಷೆ ಸೇರಿತು. 693 ಕಿ.ಮೀ. ಎತ್ತರದಿಂದ 250 ಕಿ.ಮೀ. ಅಗಲದ ಪಟ್ಟಿಯನ್ನು ನೋಡುತ್ತ, 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಹಾದುಹೋಗುತ್ತದೆ. ಅದರ ದತ್ತಾಂಶವನ್ನು ಕೋಪರ್ನಿಕಸ್ ತಾಣದಲ್ಲಿ ಹೆಸರು ನೋಂದಾಯಿಸಿದ ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಅದನ್ನು ಸಂಸ್ಕರಿಸುವ ‘ಸ್ನ್ಯಾಪ್’ ಎಂಬ ತಂತ್ರಾಂಶವನ್ನೂ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಾಸಿಲ್ಲದೆ ಕೊಡುತ್ತದೆ. ಅಂದರೆ ಬಾಗಲಕೋಟೆಯ ಕಾಲೇಜಿನಲ್ಲಿ ಭೂಗೋಳ ಓದುವ ಹುಡುಗಿಯೊಬ್ಬಳು 16 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇಟ್ಟುಕೊಂಡು ತನ್ನ ಜಿಲ್ಲೆಯ ನೆರೆ ನಕ್ಷೆಯನ್ನು ತಾನೇ ಮಾಡಬಹುದು.

ಮಾಡಬಹುದು ನಿಜ. ಆದರೆ ತಂತ್ರಾಂಶದಲ್ಲಿ ಒತ್ತುವ ಒಂದೊಂದು ಗುಂಡಿಯ ಹಿಂದೆಯೂ ಒಂದೊಂದು ತೀರ್ಮಾನವಿದೆ. ಆ ತೀರ್ಮಾನವನ್ನು ಯಾರೋ ಮೊದಲೇ ತೆಗೆದುಕೊಂಡು ಇಟ್ಟಿರುತ್ತಾರೆ, ನಮ್ಮ ಕಬ್ಬು, ನಮ್ಮ ಎರೆಮಣ್ಣು, ನಮ್ಮ ಹಿನ್ನೀರು ಯಾವುದನ್ನೂ ಕಾಣದೆ. ಯಂತ್ರ ತಡವರಿಸುವುದಿಲ್ಲ, ತಪ್ಪು ನಕ್ಷೆಯನ್ನೂ ಸರಿ ನಕ್ಷೆಯಷ್ಟೇ ಚಂದವಾಗಿ ಬಿಡಿಸಿಕೊಡುತ್ತದೆ. ಹಾಗಾಗಿ ಈ ಕೆಲಸವನ್ನು ಮೊದಲಿಂದ ಒಮ್ಮೆ ನೋಡಿಕೊಂಡು ಬರುವುದು ಒಳ್ಳೆಯದು.

ಇಳಿಸಿಕೊಳ್ಳುವಾಗ ಮೊದಲ ಆಯ್ಕೆ ಎದುರಾಗುತ್ತದೆ. ಒಂದೇ ದೃಶ್ಯ ಎರಡು ರೂಪದಲ್ಲಿ ಸಿಗುತ್ತದೆ. ಎಸ್‌ಎಲ್‌ಸಿ ಎಂಬುದು ತರಂಗದ ಬಲದ ಜೊತೆಗೆ ಅದರ ಹಂತವನ್ನೂ, ಅಂದರೆ ಅಲೆಯ ಏರಿಳಿತದ ಯಾವ ಬಿಂದುವಿನಲ್ಲಿ ಅದು ಮರಳಿತು ಎಂಬುದನ್ನೂ ಉಳಿಸಿಕೊಂಡಿರುವ ರೂಪ. ಭೂಕಂಪದಲ್ಲಿ ನೆಲ ಎಷ್ಟು ಸೆಂಟಿಮೀಟರ್ ಜರುಗಿತು ಎಂದು ಅಳೆಯುವವರಿಗೆ ಅದು ಬೇಕು. ನೆರೆಗೆ ಜಿಆರ್‌ಡಿ ಸಾಕು. ಬಲ ಮಾತ್ರ ಇರುವ, ಗಾತ್ರದಲ್ಲೂ ಬಹಳ ಹಗುರವಾದ ರೂಪ, ಒಂದು ಜಿಬಿ ಆಸುಪಾಸು. ಉದ್ದನೆಯ ಕಡತದ ಹೆಸರನ್ನು ನೋಡಿ ಬೆಚ್ಚಬೇಕಿಲ್ಲ. ಯಾವ ಉಪಗ್ರಹ, ಯಾವ ರೀತಿಯ ನೋಟ, ಯಾವ ದಿನ, ಯಾವ ಹೊತ್ತು ಎಲ್ಲವೂ ಅದರಲ್ಲೇ ಇದೆ. ಹೊತ್ತು ಮಾತ್ರ ಗ್ರೀನಿಚ್ಚಿನದು. ಬೆಳಗಿನ 00:50 ಎಂದಿದ್ದರೆ ಐದೂವರೆ ಗಂಟೆ ಸೇರಿಸಿ, ನಮ್ಮಲ್ಲಿ ಬೆಳಗ್ಗೆ 6:20 ಎಂದು ಓದಿಕೊಳ್ಳಬೇಕು. ಈ ಉಪಗ್ರಹ ನಮ್ಮ ಮೇಲೆ ಹಾಯುವುದು ಬೆಳಗ್ಗೆ ಆರರ ನಂತರ, ಇಲ್ಲವೇ ಸಂಜೆ ಆರರ ನಂತರ.

ಜಿಪ್ ಕಡತವನ್ನು ಬಿಚ್ಚದೆ ಹಾಗೇ ಎಳೆದು ತಂದು ಸ್ನ್ಯಾಪ್‌ನ ಕಿಟಕಿಯೊಳಗೆ ಬಿಟ್ಟರೆ ತೆರೆದುಕೊಳ್ಳುತ್ತದೆ. ಎಡಗಡೆಯ ಪಟ್ಟಿಯಲ್ಲಿ ಬ್ಯಾಂಡ್‌ಗಳಿರುತ್ತವೆ: ವಿವಿ ಮತ್ತು ವಿಎಚ್. ಲಂಬವಾಗಿ ಕಂಪಿಸುವ ತರಂಗ ಹೋಗಿ ಲಂಬವಾಗಿಯೇ ಬಂದದ್ದು ವಿವಿ. ಅಡ್ಡವಾಗಿ ತಿರುಗಿ ಬಂದದ್ದು ವಿಎಚ್. ಒಂದರ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಚಿತ್ರ ಬರುತ್ತದೆ, ಹೊಸಬರು ಗಾಬರಿಯಾಗುವುದೂ ಆಗಲೇ. ಊರು ತಲೆಕೆಳಗಾಗಿರುತ್ತದೆ! ಕೃಷ್ಣೆ ಇರಬೇಕಾದ ಕಡೆ ಮಲಪ್ರಭೆ, ಮಲಪ್ರಭೆ ಇರಬೇಕಾದ ಕಡೆ ಕೃಷ್ಣೆ. ಕಡತ ಕೆಟ್ಟಿಲ್ಲ. ಉಪಗ್ರಹ ಯಾವ ಕ್ರಮದಲ್ಲಿ ನೆಲವನ್ನು ನೋಡಿತೋ ಅದೇ ಕ್ರಮದಲ್ಲಿ ಸಾಲುಗಳನ್ನು ಬರೆದಿರುತ್ತದೆ. ಸಂಜೆ ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ದಕ್ಷಿಣದ ಸಾಲು ಮೊದಲು ಬರುವುದರಿಂದ ಚಿತ್ರ ಮೇಲು ಕೆಳಗಾಗುತ್ತದೆ. ಬೆಳಗ್ಗೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುವಾಗ, ತನ್ನ ಬಲಕ್ಕೆ ಅಂದರೆ ಪಶ್ಚಿಮಕ್ಕೆ ನೋಡುತ್ತಿರುತ್ತದಾದ್ದರಿಂದ ಪೂರ್ವ ಪಶ್ಚಿಮ ಅದಲುಬದಲಾಗುತ್ತವೆ. ಇದನ್ನು ಫೋಟೊ ತಿರುಗಿಸುವ ತಂತ್ರಾಂಶಕ್ಕೆ ಹಾಕಿ ನೆಟ್ಟಗೆ ಮಾಡುವವರೂ ಇದ್ದಾರೆ. ಹಾಗೆ ಮಾಡಿದರೆ ಅದು ಬರೀ ಚಿತ್ರವಾಗುತ್ತದೆ, ನಕ್ಷೆಯಾಗುವುದಿಲ್ಲ.

ಇಷ್ಟಕ್ಕೂ ಅದು ಚಿತ್ರವೇ ಅಲ್ಲ, ಅಳತೆಗಳ ಕೋಷ್ಟಕ. ಆ ಅಳತೆ ಸಾಧ್ಯವಾದದ್ದರ ಹಿಂದೆ ಒಂದು ಚತುರ ಉಪಾಯವಿದೆ. ಸೆಂಟಿನೆಲ್-1ರ ಆಂಟೆನಾ 12.3 ಮೀಟರ್ ಉದ್ದ, ಅದು ಬಿಡುವ ತರಂಗದ ಉದ್ದ ಸುಮಾರು 5.6 ಸೆಂಟಿಮೀಟರ್. ಸಾದಾ ಲೆಕ್ಕದಲ್ಲಿ ಅಷ್ಟು ಎತ್ತರದಿಂದ ಅದಕ್ಕೆ ಸುಮಾರು ನಾಲ್ಕು ಕಿಲೋಮೀಟರಿಗಿಂತ ಸಣ್ಣದನ್ನು ಬಿಡಿಸಿ ನೋಡಲು ಆಗಬಾರದು. ಉಪಗ್ರಹ ಚಲಿಸುತ್ತಿರುವಾಗ ಒಂದೇ ಜಾಗದಿಂದ ಮತ್ತೆ ಮತ್ತೆ ಬರುವ ಪ್ರತಿಧ್ವನಿಗಳಲ್ಲಿ ಆವರ್ತನ ಕೊಂಚ ಕೊಂಚವೇ ಬದಲಾಗುತ್ತದೆ. ಅವನ್ನು ಜೋಡಿಸಿದರೆ ಬಹು ಉದ್ದದ ಆಂಟೆನಾದ ಫಲ ಸಿಗುತ್ತದೆ ಎಂದು 1951ರಲ್ಲಿ ಅಮೆರಿಕದ ಗುಡ್‌ಇಯರ್ ವಿಮಾನ ಕಂಪನಿಯಲ್ಲಿದ್ದ ಕಾರ್ಲ್ ವೈಲಿ ಕಂಡುಕೊಂಡರು. 1978ರಲ್ಲಿ ಹಾರಿದ ನಾಸಾದ ಸೀಸ್ಯಾಟ್ ಈ ಉಪಾಯವನ್ನು ಬಾಹ್ಯಾಕಾಶದಲ್ಲಿ ಸಾಧಿಸಿ ತೋರಿಸಿತು, ನೂರು ಚಿಲ್ಲರೆ ದಿನ ಬದುಕಿ ಸುಮ್ಮನಾಯಿತು. ನಮ್ಮ ಹುಡುಗಿ ತೆರೆದ ಕಡತದಲ್ಲಿ ಈ ಜೋಡಣೆ ಆಗಲೇ ಮುಗಿದಿದೆ. ಉಳಿದದ್ದು ಅವಳ ಪಾಲಿನ ಕೆಲಸ.

ಮೊದಲನೆಯದು ಕಕ್ಷೆಯ ತಿದ್ದುಪಡಿ. ಉಪಗ್ರಹ ಆ ಕ್ಷಣದಲ್ಲಿ ನಿಖರವಾಗಿ ಎಲ್ಲಿತ್ತು ಎಂಬ ಪಕ್ಕಾ ಲೆಕ್ಕ ಸುಮಾರು ಮೂರು ವಾರದ ನಂತರ ಬಿಡುಗಡೆಯಾಗುತ್ತದೆ. ನೆರೆಯ ತುರ್ತಿನಲ್ಲಿ ಅದಕ್ಕೆ ಕಾಯಲಾಗದವರಿಗೆ ಕೆಲವೇ ಗಂಟೆಗಳಲ್ಲಿ ಸಿಗುವ ಕಚ್ಚಾ ಲೆಕ್ಕವಿದೆ. ಸ್ನ್ಯಾಪ್ ಅದನ್ನು ಅಂತರ್ಜಾಲದಿಂದ ತಾನೇ ತಂದುಕೊಳ್ಳುತ್ತದೆ. ಸಿಗದಿದ್ದರೂ ನಿಲ್ಲಬೇಡ, ಮುಂದೆ ಹೋಗು ಎಂದು ಹೇಳುವ ಚೌಕವೊಂದು ಆ ಕಿಟಕಿಯಲ್ಲಿದೆ. ಅದಕ್ಕೆ ಗುರುತು ಹಾಕಿದರೆ ಕೆಲಸ ಸರಾಗವಾಗಿ ಸಾಗುತ್ತದೆ, ತಿದ್ದುಪಡಿ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ನನ್ನ ಸಲಹೆ ಕೇಳಿದರೆ ಆ ಚೌಕ ಖಾಲಿಯೇ ಇರಲಿ. ಆಮೇಲೆ ಯಂತ್ರದ್ದೇ ಸ್ವಂತ ಗದ್ದಲವನ್ನು ಕಳೆಯುವ ಹಂತ. ನೀರಿನ ಮೇಲೆ ಮರಳುವ ಸಂಕೇತ ಬಹಳ ಕ್ಷೀಣವಾದ್ದರಿಂದ ಈ ಗದ್ದಲ ಎದ್ದು ಕಾಣುವುದೂ ಅಲ್ಲೇ, ಅದರಲ್ಲೂ ವಿಎಚ್‌ನಲ್ಲಿ. ಬಳಿಕ ಮಾಪನಾಂಕನ, ಅಂದರೆ ಕಡತದ ಕಚ್ಚಾ ಸಂಖ್ಯೆಯನ್ನು ನೆಲದ ಗುಣ ಹೇಳುವ ಸಂಖ್ಯೆಯನ್ನಾಗಿ ಬದಲಿಸುವುದು. ಇದಾಗದೆ ಜುಲೈನ ಚಿತ್ರವನ್ನೂ ಆಗಸ್ಟಿನ ಚಿತ್ರವನ್ನೂ ಹೋಲಿಸುವುದು ಸಲ್ಲದು. ಈ ಮೂರನ್ನು ಯಾರೂ ಬಿಡುವುದಿಲ್ಲ, ಬಿಟ್ಟರೆ ಬೈಸಿಕೊಳ್ಳುತ್ತಾರೆ. ಕಗ್ಗಂಟು ಇರುವುದು ಮುಂದಿನ ಎರಡರಲ್ಲಿ.

ರಾಡಾರ್ ಚಿತ್ರವನ್ನು ಹತ್ತಿರ ಹಿಗ್ಗಿಸಿ ನೋಡಿದರೆ ಒಂದೇ ಬೆಳೆಯ ಹೊಲದಲ್ಲೂ ಸಾಸಿವೆ ಚೆಲ್ಲಿದಂತೆ ಕಪ್ಪು ಬಿಳಿ ಕಾಳುಗಳು. ಇದಕ್ಕೆ ಸ್ಪೆಕಲ್ ಎನ್ನುತ್ತಾರೆ. ಒಂದು ಪಿಕ್ಸೆಲ್‌ನೊಳಗೆ ಎಲೆ, ಹೆಂಟೆ, ಕಲ್ಲು, ಕಡ್ಡಿ ನೂರಾರಿರುತ್ತವೆ. ಒಂದೊಂದರಿಂದಲೂ ಮರಳಿದ ಅಲೆಗಳು ಕೆಲವೆಡೆ ಒಂದಕ್ಕೊಂದು ಕೂಡಿ ಬಲವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಇದನ್ನು ತಗ್ಗಿಸಲು ಲೀ ಎಂಬ ವಿಜ್ಞಾನಿಯ ಹೆಸರಿನ ಶೋಧಕವನ್ನು ಬಳಸುವುದು ರೂಢಿ. ಅದು ಸುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ ಸರಾಸರಿಯತ್ತ ಎಳೆಯುತ್ತದೆ. ಐದು ಪಿಕ್ಸೆಲ್ ಅಗಲದ ಕಿಟಕಿ ಇಟ್ಟರೆ 50 ಮೀಟರಿನಷ್ಟು ಜಾಗ ಒಂದರೊಳಗೊಂದು ಕಲೆಯುತ್ತದೆ. ಕೃಷ್ಣೆಯಂಥ ಹೊಳೆಗೆ ಇದರಿಂದ ಬಾಧಕವಿಲ್ಲ. ಹಳ್ಳ ತುಂಬಿ ಪಕ್ಕದ ಎರಡು ಹೊಲಕ್ಕೆ ನುಗ್ಗಿದ ನೀರು ಮಾತ್ರ ಹೆಚ್ಚುಕಡಿಮೆ ಒರೆಸಿಹೋಗುತ್ತದೆ. ಚಿತ್ರ ನುಣುಪಾದಷ್ಟೂ ಚಂದ ಎಂದು ಕಿಟಕಿಯನ್ನು ಹಿಗ್ಗಿಸುವವರು ಈ ಹಳ್ಳದ ಬದಿಯವರನ್ನು ನಕ್ಷೆಯಿಂದ ಹೊರಗಿಡುತ್ತಿರುತ್ತಾರೆ. ಇನ್ನೊಂದು ಮಾತು: ಈ ಶೋಧನೆ ಡೆಸಿಬೆಲ್‌ಗೆ ಬದಲಿಸುವ ಮೊದಲೇ ಆಗಬೇಕು. ಡೆಸಿಬೆಲ್ ಲಾಗರಿತಮ್ ಅಳತೆ. ಮೈನಸ್ 10 ಎಂದರೆ ಹತ್ತರಲ್ಲೊಂದು ಪಾಲು, ಮೈನಸ್ 20 ಎಂದರೆ ನೂರರಲ್ಲೊಂದು. ಅವೆರಡನ್ನೂ ಕೂಡಿಸಿ ಭಾಗಿಸಿ ಮೈನಸ್ 15 ಎಂದರೆ ಅದು ನೆಲದ ಸರಾಸರಿಯಲ್ಲ.

ಎರಡನೆಯ ಕಗ್ಗಂಟು ಭೂರೂಪದ ತಿದ್ದುಪಡಿ. ರಾಡಾರ್ ಓರೆಯಾಗಿ ನೋಡುತ್ತದೆ, ಸೆಂಟಿನೆಲ್-1ರಲ್ಲಿ 29ರಿಂದ 46 ಡಿಗ್ರಿ ಓರೆಯಲ್ಲಿ. ಅದಕ್ಕೆ ಗೊತ್ತಿರುವುದು ದೂರ ಮಾತ್ರ. ಗುಡ್ಡದ ನೆತ್ತಿ ಬುಡಕ್ಕಿಂತ ಉಪಗ್ರಹಕ್ಕೆ ಹತ್ತಿರವಿದ್ದರೆ ಚಿತ್ರದಲ್ಲಿ ನೆತ್ತಿ ಬುಡಕ್ಕಿಂತ ಮುಂದೆ ಬಂದು ಮಗುಚಿಕೊಳ್ಳುತ್ತದೆ. ಆಚೆ ಬದಿಯ ಕಡಿದಾದ ಇಳಿಜಾರಿಗೆ ತರಂಗ ತಲುಪುವುದೇ ಇಲ್ಲ, ಅಲ್ಲಿ ಕಗ್ಗತ್ತಲು. ಸಹ್ಯಾದ್ರಿಯ ಕಣಿವೆಗಳಲ್ಲಿ ಈ ನೆರಳನ್ನು ನೆರೆಯೆಂದು ಎಣಿಸಿದರೆ ಗುಡ್ಡದ ಮೈಮೇಲೆ ಕೆರೆ ಕಾಣುತ್ತದೆ. ಇವನ್ನೆಲ್ಲ ಅವುಗಳ ಜಾಗಕ್ಕೆ ಕೂರಿಸಲು ನೆಲದ ಎತ್ತರದ ನಕ್ಷೆ ಬೇಕು. ಸ್ನ್ಯಾಪ್ ಸಾಮಾನ್ಯವಾಗಿ ಎತ್ತಿಕೊಳ್ಳುವುದು 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಹಾರಿ ಅಳೆದ ಎತ್ತರಗಳನ್ನು. ಅದೂ ರಾಡಾರಿನದೇ ಅಳತೆ ಎಂಬುದು ಸ್ವಾರಸ್ಯ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್ ತನಕ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಅಂದರೆ ಈ ಎತ್ತರದ ನಕ್ಷೆಗೆ ಇಂದಿನ ಹಿನ್ನೀರಿನ ಮಟ್ಟ ಗೊತ್ತಿಲ್ಲ. ಹತ್ತು ಮೀಟರ್ ಎತ್ತರ ತಪ್ಪಿದರೂ ಬಯಲು ಸೀಮೆಯಲ್ಲಿ ಜಾಗ ಜರುಗುವುದು ಹದಿನಾಲ್ಕು, ಹದಿನೈದು ಮೀಟರ್. ಹಿನ್ನೀರಿಗೆ ಅದು ನಗಣ್ಯ, ಒಡ್ಡಿನಂಚಿನ ಹೊಲಕ್ಕೆ ಅಷ್ಟು ನಗಣ್ಯವಲ್ಲ. ಕರಾವಳಿಯವರಿಗೆ ಇನ್ನೊಂದು ಎಚ್ಚರಿಕೆ: ಎತ್ತರದ ಮಾಹಿತಿ ಇಲ್ಲದ ಕಡೆ ಚಿತ್ರವನ್ನು ಮರೆಮಾಚು ಎಂಬ ಆಯ್ಕೆ ಮೊದಲೇ ಗುರುತು ಬಿದ್ದಿರುತ್ತದೆ. ಅದನ್ನು ತೆಗೆಯದಿದ್ದರೆ ಕಾರವಾರದ ಮುಂದಿನ ಸಮುದ್ರ ಮಾಯವಾಗುವುದುಂಟು. ನಕ್ಷೆಯ ಪ್ರಕ್ಷೇಪವನ್ನೂ ಇಲ್ಲೇ ಆರಿಸಬೇಕು. ಬಾಗಲಕೋಟೆ, ಬೆಳಗಾವಿಗೆ ಯುಟಿಎಂನ 43ನೇ ಉತ್ತರ ವಲಯ. ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟರೆ ಆಮೇಲೆ ಎಕರೆ ಲೆಕ್ಕ ಹಾಕುವಾಗ ಕೈ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಇಷ್ಟಾದ ಮೇಲೆ ಊರು ನೆಟ್ಟಗಾಗುತ್ತದೆ, ನದಿಗಳು ತಮ್ಮ ಜಾಗಕ್ಕೆ ಬರುತ್ತವೆ, ನೀರು ಕಪ್ಪಗೆ ಕಾಣುತ್ತದೆ. ನಿಂತ ನೀರಿನ ಮೈ ನುಣುಪು. ಓರೆಯಾಗಿ ಬಿದ್ದ ತರಂಗ ಅಲ್ಲಿಂದ ಆಚೆಗೇ ಪುಟಿದು ಹೋಗುತ್ತದೆ, ಉಪಗ್ರಹದ ಕಡೆ ಬರುವುದು ಅತ್ಯಲ್ಪ. ಬಹಳಷ್ಟು ಸಲ ವಿವಿಯಲ್ಲಿ ಹೊಲಗದ್ದೆ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ನೀರು ಮೈನಸ್ 16, 17ಕ್ಕಿಂತ ಕೆಳಗಿರುತ್ತದೆ. ಎಲ್ಲಿ ಗೆರೆ ಎಳೆಯಬೇಕು ಎನ್ನುವುದಕ್ಕೆ ಜಪಾನಿನ ಒಟ್ಸು 1979ರಲ್ಲಿ ಕೊಟ್ಟ ವಿಧಾನ ಇಂದಿಗೂ ಓಡುತ್ತದೆ: ಸಂಖ್ಯೆಗಳ ಹರವಿನಲ್ಲಿ ಎರಡು ದಿಬ್ಬಗಳಿದ್ದರೆ ಅವನ್ನು ಚೆನ್ನಾಗಿ ಬೇರ್ಪಡಿಸುವ ಜಾಗವನ್ನು ಅದು ಹುಡುಕುತ್ತದೆ. ಇಡೀ ದೃಶ್ಯದಲ್ಲಿ ನೀರು ನೂರಕ್ಕೆ ಎರಡು ಪಾಲಿದ್ದರೆ ಎರಡನೆಯ ದಿಬ್ಬವೇ ಏಳುವುದಿಲ್ಲ, ಗೆರೆ ಎಲ್ಲೋ ಹೊಲದ ನಡುವೆ ಬೀಳುತ್ತದೆ. ಅದಕ್ಕೇ ನದಿಯೂ ನೆಲವೂ ಸಾಕಷ್ಟು ಇರುವ ತುಂಡನ್ನು ಕತ್ತರಿಸಿಕೊಂಡು ಗೆರೆ ಕಂಡುಹಿಡಿಯಬೇಕು. ಯಾರದೋ ಪ್ರಬಂಧದಲ್ಲಿದ್ದ ಸಂಖ್ಯೆಯನ್ನು ತಂದು ಮಲಪ್ರಭೆಗೆ ಅಂಟಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಗೆರೆ ಸರಿ ಬಿತ್ತೆನ್ನೋಣ. ಆಗಲೂ ಕಪ್ಪಗಿರುವುದೆಲ್ಲ ನೀರಲ್ಲ, ನೀರೆಲ್ಲ ಕಪ್ಪಗಿರುವುದೂ ಇಲ್ಲ. ವಿಮಾನ ನಿಲ್ದಾಣದ ಓಡುದಾರಿ, ಅಗಲವಾದ ಹೆದ್ದಾರಿ, ಒಣ ಮರಳು ಎಲ್ಲ ಕಪ್ಪೇ. ಗಂಗಾವತಿ, ಸಿಂಧನೂರು ಕಡೆ ಆಗಸ್ಟಿನಲ್ಲಿ ನಾಟಿಯಾದ ಭತ್ತದ ಗದ್ದೆಗಳು ನೀರು ನಿಂತು ಕಪ್ಪಗಿರುತ್ತವೆ. ರೈತ ಬೇಕೆಂದೇ ನಿಲ್ಲಿಸಿಕೊಂಡ ನೀರನ್ನು ನಕ್ಷೆ ನೆರೆಯ ಲೆಕ್ಕಕ್ಕೆ ಹಾಕುತ್ತದೆ. ಗಾಳಿ ಬೀಸಿ ಅಲೆ ಎದ್ದರೆ ಹಿನ್ನೀರು ಬೆಳ್ಳಗಾಗಿ ನೆಲದಂತೆ ನಟಿಸುತ್ತದೆ. ಊರೊಳಗೆ ನಿಂತ ನೀರಂತೂ ಮೋಸದ್ದು. ತರಂಗ ನೀರಿಗೆ ಬಡಿದು, ಗೋಡೆಗೆ ಬಡಿದು, ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ಮುಳುಗಿದ ಓಣಿ ಇನ್ನಷ್ಟು ಬೆಳಗುತ್ತದೆ. ಗೋಕಾಕದ ಒಳಗಿನ ನೀರನ್ನು ಇಂಥ ಸರಳ ನಕ್ಷೆಯಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಉತ್ತರ ಕರ್ನಾಟಕದ ಮಟ್ಟಿಗೆ ದೊಡ್ಡ ತೊಡಕು ಕಬ್ಬಿನದು. ಕೃಷ್ಣಾ, ಘಟಪ್ರಭಾ ದಂಡೆಗುಂಟ ಎಕರೆಗಟ್ಟಲೆ ಕಬ್ಬು. ಆಗಸ್ಟಿನ ಹೊತ್ತಿಗೆ ಆಳೆತ್ತರ ಮೀರಿ, ಸೋಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಐದೂವರೆ ಸೆಂಟಿಮೀಟರಿನ ತರಂಗಕ್ಕೆ ಆ ಎಲೆಗಳ ಚಪ್ಪರ ದಾಟಿ ಬುಡದ ನೀರನ್ನು ಮುಟ್ಟಲು ಆಗುವುದಿಲ್ಲ. ಮೇಲಿನ ಸೋಗೆಯಿಂದಲೇ ಚದುರಿ ಮರಳುತ್ತದೆ. ಬುಡದಲ್ಲಿ ಮೊಣಕಾಲುದ್ದ ನೀರು ನಿಂತು ಬೇರು ಕೊಳೆಯುತ್ತಿದ್ದರೂ ನಕ್ಷೆಯಲ್ಲಿ ಅದು ಒಣ ಹೊಲ. ‘ನಮ್ಮ ಕಬ್ಬಿನ್ಯಾಗ ಎಂಟ್ ದಿನ ನೀರ್ ನಿಂತಿತ್ರೀ, ನಿಮ್ಮ ನಕ್ಷೇದಾಗ ಯಾಕಿಲ್ಲ?’ ಎಂದು ರೈತ ಕೇಳಿದರೆ ಅವನು ಸುಳ್ಳು ಹೇಳುತ್ತಿದ್ದಾನೆ ಎನ್ನಲು ಈ ನಕ್ಷೆ ಆಧಾರವಾಗದು. ಪರಿಹಾರದ ಪಟ್ಟಿಗೆ ಇಂಥ ನಕ್ಷೆ ಬಳಸುವವರು ಬೆಳೆಯ ನಕ್ಷೆಯನ್ನೂ ಪಕ್ಕದಲ್ಲಿಟ್ಟು, ಕಬ್ಬಿರುವ ಜಾಗವನ್ನು ‘ನೀರಿಲ್ಲ’ ಎನ್ನುವ ಬದಲು ‘ಹೇಳಲಾಗದು’ ಎಂದು ಬೇರೆ ಬಣ್ಣದಲ್ಲಿ ತೋರಿಸಬೇಕು. ಈ ಮೂರನೆಯ ಬಣ್ಣವನ್ನು ತಂತ್ರಾಂಶ ತಾನಾಗಿ ಕೊಡುವುದಿಲ್ಲ.

ಹೋಲಿಕೆಗೆ ಆರಿಸುವ ಹಿಂದಿನ ಚಿತ್ರದಲ್ಲೂ ಇಂಥದೇ ಬಲೆಯಿದೆ. ನೆರೆ ಎಂದರೆ ಸಾಮಾನ್ಯವಾಗಿ ಇರದ ನೀರು. ಹಾಗಾಗಿ ಮೊದಲಿನ ಚಿತ್ರದ ನೀರನ್ನು ಕಳೆಯಬೇಕು. ಮಳೆಗಾಲಕ್ಕೆ ಮುಂಚಿನ ಸ್ವಚ್ಛ ಸ್ಥಿತಿ ಬೇಕೆಂದು ಮೇ ತಿಂಗಳ ಚಿತ್ರ ತೆಗೆದುಕೊಂಡರೆ ಆಲಮಟ್ಟಿಯ ಹಿನ್ನೀರು ಇಳಿದು ನೆಲ ಬಿಟ್ಟಿರುತ್ತದೆ. ಆಗಸ್ಟಿನಲ್ಲಿ ಜಲಾಶಯ ವಾಡಿಕೆಯಂತೆ ತುಂಬಿದ್ದನ್ನೂ ನಕ್ಷೆ ನೆರೆಯೆಂದು ಎಣಿಸುತ್ತದೆ, ಮುಳುಗಡೆಯ ವಿಸ್ತೀರ್ಣ ಸಿಕ್ಕಾಪಟ್ಟೆ ಉಬ್ಬುತ್ತದೆ. ನೆರೆಯಿಲ್ಲದ ವರ್ಷದ ಅದೇ ತಿಂಗಳ, ಅದೇ ದಾರಿಯಲ್ಲಿ ಹೋದ ಉಪಗ್ರಹದ ಚಿತ್ರ ವಾಸಿ. ಬೆಳಗಿನ ಚಿತ್ರಕ್ಕೆ ಸಂಜೆಯದನ್ನು ಜೋಡಿಸಬಾರದು. ನೋಡುವ ದಿಕ್ಕು ಬದಲಾದರೆ ನೆರಳೂ ಬದಲಾಗುತ್ತದೆ.

ಕೊನೆಗೆ ವಿಸ್ತೀರ್ಣ. ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ನೂರು ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್. ಪಿಕ್ಸೆಲ್ ಎಣಿಸಿದರೆ ಗುಂಟೆ ಎಣಿಸಿದಂತಾಯಿತು, ನಲವತ್ತಾದರೆ ಒಂದು ಎಕರೆ! ಈ ಅನುಕೂಲವೇ ದಾರಿ ತಪ್ಪಿಸುತ್ತದೆ. ಪಿಕ್ಸೆಲ್ ಗುಂಟೆಯಷ್ಟಿದ್ದರೂ ರಾಡಾರ್ ನಿಜಕ್ಕೂ ಬಿಡಿಸಿ ನೋಡಬಲ್ಲದ್ದು 20 ಮೀಟರಿಗೆ 22 ಮೀಟರಿನಷ್ಟು ಜಾಗವನ್ನು, ನಾಲ್ಕು ಗುಂಟೆಗೂ ಮೇಲೆ. ಶೋಧಕ ಹಾಯಿಸಿದ ಮೇಲೆ ಇನ್ನೂ ಒರಟು. ಪಹಣಿಯ ಮೇಲೆ ಈ ನಕ್ಷೆ ಹಾಸಿ, ಇವರದು ಹನ್ನೊಂದು ಗುಂಟೆ ಮುಳುಗಿದೆ, ಅವರದು ಒಂಬತ್ತು ಎಂದು ಬರೆಯುವುದು ಅಳತೆಗೆ ಇಲ್ಲದ ನಿಖರತೆಯನ್ನು ಅದರ ಮೇಲೆ ಹೇರಿದಂತೆ. ಹೋಬಳಿಗೆ, ತಾಲ್ಲೂಕಿಗೆ ಇದು ಒಳ್ಳೆಯ ನಕ್ಷೆ. ಅದಕ್ಕೊಂದು ಹೊತ್ತು ಕೂಡ ಇದೆ ಎಂಬುದನ್ನು ಮರೆಯಬಾರದು. ಉಪಗ್ರಹ ಹಾಯ್ದ ಬೆಳಗ್ಗೆ ನೀರು ಎಲ್ಲಿತ್ತೋ ಅಷ್ಟೇ ಅದರಲ್ಲಿರುವುದು. ಹಿಂದಿನ ದಿನ ಏರಿ ರಾತ್ರಿಯೇ ಇಳಿದ ನೀರಿಗೆ ಅದರಲ್ಲಿ ಗುರುತಿಲ್ಲ.

ನಮ್ಮ ದೇಶವೂ ಈ ದಾರಿಯಲ್ಲಿ ಬಹಳ ದೂರ ಬಂದಿದೆ. ಇಸ್ರೊದ ರಿಸ್ಯಾಟ್-1 ಹಾರಿದ್ದು 2012ರ ಏಪ್ರಿಲ್‌ನಲ್ಲಿ, ಅದರ ಜಾಗಕ್ಕೆ ಬಂದ ಇಒಎಸ್-04 ಹಾರಿದ್ದು 2022ರ ಫೆಬ್ರುವರಿಯಲ್ಲಿ. ಎರಡೂ ಸೆಂಟಿನೆಲ್‌ನದೇ ತರಂಗಪಟ್ಟಿಯವು, ಆದ್ದರಿಂದ ಕಬ್ಬಿನ ತೊಡಕು ಅವಕ್ಕೂ ತಪ್ಪದು. ಬೇರೆಯದು ನಿಸಾರ್. ನಾಸಾ ಕೊಟ್ಟ ಸುಮಾರು 24 ಸೆಂಟಿಮೀಟರ್ ತರಂಗದ ರಾಡಾರನ್ನೂ ಇಸ್ರೊ ಮಾಡಿದ ಅದಕ್ಕಿಂತ ಗಿಡ್ಡ ತರಂಗದ ರಾಡಾರನ್ನೂ ಒಟ್ಟಿಗೆ ಹೊತ್ತ ಈ ಉಪಗ್ರಹದ ಜೋಡಣೆ ನಡೆದದ್ದು ಬೆಂಗಳೂರಿನಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಜಿಎಸ್‌ಎಲ್‌ವಿ-ಎಫ್16 ಅದನ್ನು ಕಕ್ಷೆಗೆ ಸೇರಿಸಿತು. ಇದರ ದತ್ತಾಂಶದ ಒಂದು ರೂಪದಲ್ಲಿ ಭೂರೂಪದ ತಿದ್ದುಪಡಿ ಮುಗಿದು, ನಕ್ಷೆಗೆ ಕೂರಿಸಿದ ಸಂಖ್ಯೆಗಳೇ ಬರುತ್ತವೆ. ತಲೆಕೆಳಗಾದ ಊರನ್ನು ನೆಟ್ಟಗೆ ಮಾಡುವ ಕೆಲಸ ಅಲ್ಲಿಲ್ಲ. ಉದ್ದ ತರಂಗ ಎಲೆಗಳ ನಡುವೆ ನುಸುಳಿ ಬುಡಕ್ಕೆ ಇಳಿಯಬಲ್ಲದು. ಕೆಳಗೆ ನೀರಿದ್ದರೆ ನೀರಿಗೂ ಜಲ್ಲೆಗೂ ಬಡಿದು ಬಲವಾಗಿ ಮರಳಬೇಕು, ಅಂದರೆ ಮುಳುಗಿದ ಕಬ್ಬು ಕಪ್ಪಗಲ್ಲ, ಬೆಳ್ಳಗೆ ಕಾಣಬೇಕು. ಆಗ ನೀರಿಗಾಗಿ ಎಳೆಯುವ ಗೆರೆ ಒಂದು ಸಾಲದು, ಎರಡು ಬೇಕು: ಬಯಲ ನೀರಿಗೆ ಕೆಳಗೊಂದು, ಕಬ್ಬಿನ ಬುಡದ ನೀರಿಗೆ ಮೇಲೊಂದು. ಆ ಮೇಲಿನ ಗೆರೆ ಎಷ್ಟು ಡೆಸಿಬೆಲ್‌ಗೆ ಬೀಳುತ್ತದೆಂದು ಗೊತ್ತಾಗಬೇಕಾದರೆ, ಘಟಪ್ರಭೆ ಉಕ್ಕಿದ ಒಂದು ಬೆಳಗ್ಗೆ ಉಪಗ್ರಹ ಮೇಲೆ ಹಾಯುವ ಹೊತ್ತಿಗೆ ಸರಿಯಾಗಿ ಯಾರಾದರೂ ಅಳತೆಕೋಲು ಹಿಡಿದು ಮುಧೋಳದ ಕಡೆಯ ಕಬ್ಬಿನೊಳಗೆ ಇಳಿಯಬೇಕು.